ಹಗಲು ಉಳಿತಾಯ ಸಮಯ: ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ದೋಷ ಪತ್ತೆ ಮತ್ತು ಪರಿಹಾರ

ಬೇಸಿಗೆಯ ತಿಂಗಳುಗಳಲ್ಲಿ ಅಧಿಕೃತ ಗಡಿಯಾರವನ್ನು ಸಾಮಾನ್ಯವಾಗಿ ಒಂದು ಗಂಟೆ ಮುಂದೆ ಹಾಕಿ, ಚಳಿಗಾಲದ ಹೊತ್ತಿಗೆ ಮತ್ತೆ ಹಿಂದೆ ತರುವ ಪದ್ಧತಿಗೆ ಹಗಲು ಉಳಿತಾಯ ಸಮಯ ಅಥವಾ ಡಿಎಸ್‌ಟಿ ಎಂದು ಹೆಸರು. ಅಮೆರಿಕ ಮತ್ತು ಕೆನಡಾದ ಬಹುಭಾಗ, ಯೂರೋಪಿನ ಹೆಚ್ಚಿನ ದೇಶಗಳು, ಆಸ್ಟ್ರೇಲಿಯಾದ ಕೆಲವು ರಾಜ್ಯಗಳು, ನ್ಯೂಜಿಲೆಂಡ್, ಚಿಲಿ, ಈಜಿಪ್ಟ್ ಮೊದಲಾದೆಡೆ ಇದು ಜಾರಿಯಲ್ಲಿದೆ. ವರ್ಷಕ್ಕೆ ಎರಡು ಸಲ ನಡೆಯುವ ಈ ಬದಲಾವಣೆಯ ಆಸುಪಾಸಿನಲ್ಲಿ ಕಂಪ್ಯೂಟರುಗಳು ತಪ್ಪು ಸಮಯ ತೋರಿಸುತ್ತವೆ. ನಿಗದಿತ ಕೆಲಸಗಳು ಬಿಟ್ಟುಹೋಗುತ್ತವೆ ಇಲ್ಲವೇ ಎರಡೆರಡು ಸಲ ನಡೆಯುತ್ತವೆ, ಸಭೆಗಳ ವೇಳೆ ಏರುಪೇರಾಗುತ್ತದೆ, ಬಿಲ್ಲು ಮತ್ತು ಹಾಜರಿ ಲೆಕ್ಕದಲ್ಲಿ ಒಂದು ಗಂಟೆ ಹೆಚ್ಚುಕಡಿಮೆಯಾಗುತ್ತದೆ. ಇವುಗಳನ್ನು ಒಟ್ಟಾಗಿ ಡಿಎಸ್‌ಟಿ ದೋಷಗಳು ಎನ್ನಬಹುದು.

ಈ ದೋಷಗಳಲ್ಲಿ ಬಹುಪಾಲಿಗೆ ಗಡಿಯಾರ ಕೆಟ್ಟಿರುವುದು ಕಾರಣವಲ್ಲ. ಒಂದು ಊರಿನಲ್ಲಿ ಈಗ ಎಷ್ಟು ಗಂಟೆ ಎಂಬುದನ್ನು ಸೂರ್ಯನಿಗಿಂತ ಹೆಚ್ಚಾಗಿ ಅಲ್ಲಿನ ಸರ್ಕಾರ ನಿರ್ಧರಿಸುತ್ತದೆ. ಆ ಕಾನೂನಿನ ಒಂದು ಪ್ರತಿ ಯಂತ್ರದೊಳಗೆ ಕುಳಿತಿರುತ್ತದೆ; ಪ್ರತಿ ಹಳತಾದರೆ, ಬೇರೆ ಊರಿನದಾದರೆ, ಅಥವಾ ಪ್ರೋಗ್ರಾಂ ಅದನ್ನು ಕೇಳದೆಯೇ ಲೆಕ್ಕ ಹಾಕಿದರೆ ತಪ್ಪು ಹುಟ್ಟುತ್ತದೆ. ಆದ್ದರಿಂದ ದುರಸ್ತಿಯ ಮೊದಲ ಹೆಜ್ಜೆ ಗಡಿಯಾರದ ಮುಳ್ಳು ತಿರುಗಿಸುವುದಾಗಿರಬಾರದು. ಕ್ಷಣ, ನಿಯಮ, ಪ್ರದರ್ಶನ ಎಂಬ ಮೂರು ಪದರಗಳಲ್ಲಿ ತಪ್ಪು ಯಾವುದರಲ್ಲಿದೆ ಎಂದು ಬೇರ್ಪಡಿಸಿ ನೋಡುವುದೇ ಈ ವಿದ್ಯೆಯ ತಿರುಳು.

ಹಿನ್ನೆಲೆ

ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್ 1895ರಲ್ಲಿ ಬೇಸಿಗೆಗೆ ಎರಡು ಗಂಟೆಗಳ ಬದಲಾವಣೆಯನ್ನು ಸೂಚಿಸಿದ. ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ 1907ರಲ್ಲಿ ಇದೇ ಬಗೆಯ ಸಲಹೆಯನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿ ಹಂಚಿದ. ದೇಶದ ಮಟ್ಟದಲ್ಲಿ ಇದನ್ನು ಮೊದಲು ಜಾರಿಗೆ ತಂದದ್ದು ಮೊದಲನೇ ಮಹಾಯುದ್ಧದ ನಡುವೆ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ, 1916ರ ಏಪ್ರಿಲ್ 30ರಂದು. ಕೆಲವೇ ವಾರಗಳಲ್ಲಿ ಬ್ರಿಟನ್ ಅದನ್ನು ಅನುಸರಿಸಿತು. ಅಮೆರಿಕ 1918ರಲ್ಲಿ ಕಾನೂನು ಮಾಡಿತು.

ಈಗಿನ ನಿಯಮದಂತೆ ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಅಲ್ಲಿ ಪ್ರತಿ ವಲಯವೂ ತನ್ನ ಸ್ಥಳೀಯ 2 ಗಂಟೆಗೆ ಬದಲಾಗುತ್ತದೆ. ಯೂರೋಪಿಯನ್ ಒಕ್ಕೂಟದಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಎಲ್ಲ ದೇಶಗಳೂ ಒಂದೇ ಕ್ಷಣದಲ್ಲಿ, ಅಂದರೆ ಸಾರ್ವತ್ರಿಕ ಕಾಲ 1 ಗಂಟೆಗೆ ಬದಲಾಗುತ್ತವೆ. ದಕ್ಷಿಣ ಗೋಳಾರ್ಧದಲ್ಲಿ ಋತು ತಿರುಗುಮುರುಗಾದ್ದರಿಂದ ಆಸ್ಟ್ರೇಲಿಯಾದ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಡಿಎಸ್‌ಟಿ ಇರುತ್ತದೆ. ಅದೇ ದೇಶದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇಲ್ಲ. ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಡಿಎಸ್‌ಟಿ ಇಲ್ಲ, ಆದರೆ ಆ ರಾಜ್ಯದೊಳಗಿರುವ ನವಾಹೋ ಜನಾಂಗದ ಪ್ರದೇಶದಲ್ಲಿ ಇದೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಬದಲಾವಣೆ ಒಂದು ಗಂಟೆಯದಲ್ಲ, ಅರ್ಧ ಗಂಟೆಯದು. "ಡಿಎಸ್‌ಟಿ ಎಂದರೆ ಒಂದು ಗಂಟೆ ಕೂಡಿಸು" ಎಂದು ಬರೆದ ಪ್ರೋಗ್ರಾಂ ಎಲ್ಲೋ ಒಂದು ಕಡೆ ಎಡವಲೇಬೇಕು.

ಯಂತ್ರದೊಳಗಿನ ಮೂರು ಪದರಗಳು

ಮೊದಲನೆಯದು ಕ್ಷಣ. ಇಂದಿನ ಹೆಚ್ಚಿನ ವ್ಯವಸ್ಥೆಗಳು ಒಳಗೊಳಗೆ ಸಂಘಟಿತ ಸಾರ್ವತ್ರಿಕ ಕಾಲವನ್ನು, ಅಂದರೆ ಯುಟಿಸಿಯನ್ನು ಇಟ್ಟುಕೊಳ್ಳುತ್ತವೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಎಣಿಕೆಯೇ ಸಮಯ. ಈ ಎಣಿಕೆಗೆ ಊರಿಲ್ಲ, ಋತುವಿಲ್ಲ. ನೆಟ್‌ವರ್ಕ್ ಮೂಲಕ ಗಡಿಯಾರ ಸರಿಮಾಡುವ ಎನ್‌ಟಿಪಿ ಕೂಡ ಯುಟಿಸಿಯನ್ನಷ್ಟೇ ತಿಳಿಸುತ್ತದೆ. ಡಿಎಸ್‌ಟಿಯ ವಿಷಯವನ್ನು ಅದು ಹೇಳುವುದೇ ಇಲ್ಲ.

ಎರಡನೆಯದು ನಿಯಮ. ಯಾವ ಊರಿನಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯುಟಿಸಿಗೆ ಎಷ್ಟು ಕೂಡಿಸಬೇಕು ಅಥವಾ ಕಳೆಯಬೇಕು ಎಂಬ ಪಟ್ಟಿ ಇದು. ಮೂರನೆಯದು ಪ್ರದರ್ಶನ. ಕ್ಷಣಕ್ಕೆ ನಿಯಮವನ್ನು ಅನ್ವಯಿಸಿ ಪರದೆಯ ಮೇಲೆ, ಮುದ್ರಿತ ಬಿಲ್ಲಿನಲ್ಲಿ, ಕ್ಯಾಲೆಂಡರಿನಲ್ಲಿ ತೋರಿಸುವ ಹಂತ.

ಮೂರೂ ಬೇರೆ ಬೇರೆ ಎಂಬುದನ್ನು ಮರೆತಾಗ ಚಿಕ್ಕ ದೋಷ ದೊಡ್ಡದಾಗುತ್ತದೆ. ಪರದೆಯಲ್ಲಿ ಒಂದು ಗಂಟೆ ಹಿಂದಿದೆ ಎಂದು ಯಾರೋ ಗಡಿಯಾರವನ್ನೇ ಒಂದು ಗಂಟೆ ಮುಂದೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಈಗ ಪರದೆ ಸರಿಯಾಗಿ ಕಾಣುತ್ತದೆ, ಆದರೆ ಒಳಗಿನ ಯುಟಿಸಿ ಒಂದು ಗಂಟೆ ತಪ್ಪಿದೆ. ಕಚೇರಿ ಜಾಲಗಳ ಲಾಗಿನ್ನಿಗೆ ಬಳಸುವ ಕೆರ್ಬೆರೋಸ್ ಪದ್ಧತಿ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವನ್ನು ಒಪ್ಪುವುದಿಲ್ಲ, ಹಾಗಾಗಿ ಲಾಗಿನ್ ನಿಲ್ಲುತ್ತದೆ. ಮೊಬೈಲಿನ ಆಪ್ ಮೂವತ್ತು ಸೆಕೆಂಡಿಗೊಮ್ಮೆ ತೋರಿಸುವ ಒಂದು ಬಾರಿಯ ಸಂಕೇತಗಳು ತಿರಸ್ಕೃತವಾಗುತ್ತವೆ. ಲಾಗ್‌ಗಳ ಕಾಲಾನುಕ್ರಮ ಕೆಡುತ್ತದೆ. ನಿಯಮದ ತಪ್ಪಿಗೆ ಕ್ಷಣವನ್ನು ತಿದ್ದಿದ್ದರ ಫಲ ಇದು.

ಕಾಲವಲಯ ದತ್ತಸಂಚಯ

ಜಗತ್ತಿನ ಕಾಲವಲಯಗಳ ನಿಯಮಗಳನ್ನು ಒಂದೆಡೆ ಕೂಡಿಸಿದ ಸಾರ್ವಜನಿಕ ಪಟ್ಟಿಗೆ ಟಿಜೆಡ್ ದತ್ತಸಂಚಯ ಎಂದು ಹೆಸರು. ಇದನ್ನು 1980ರ ದಶಕದಲ್ಲಿ ಆರಂಭಿಸಿದವರು ಆರ್ಥರ್ ಡೇವಿಡ್ ಓಲ್ಸನ್. ಮುಂದೆ ಸಂಪಾದಕರಾದವರು ಪಾಲ್ ಎಗರ್ಟ್. 2011ರಿಂದ ಇಂಟರ್ನೆಟ್ ಹೆಸರು ಮತ್ತು ಸಂಖ್ಯೆಗಳ ವ್ಯವಸ್ಥೆ ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆ ಇದಕ್ಕೆ ನೆಲೆ ಕೊಟ್ಟಿದೆ. ಸ್ವಯಂಸೇವಕರ ಶ್ರದ್ಧೆಯಿಂದ ಬೆಳೆದ ಈ ಪಟ್ಟಿಯ ಮೇಲೆ ಲಿನಕ್ಸ್, ಆಂಡ್ರಾಯ್ಡ್, ಆಪಲ್‌ನ ವ್ಯವಸ್ಥೆಗಳು, ಜಾವಾ, ಪೈಥಾನ್ ಎಲ್ಲವೂ ನಿಂತಿವೆ. ವಿಂಡೋಸ್ ತನ್ನದೇ ಹೆಸರುಗಳ, ತನ್ನದೇ ಪಟ್ಟಿಯನ್ನು ರಿಜಿಸ್ಟ್ರಿಯಲ್ಲಿ ಇಟ್ಟುಕೊಳ್ಳುತ್ತದೆ.

ಈ ಪಟ್ಟಿಯಲ್ಲಿ ವಲಯಕ್ಕೆ ಖಂಡ ಮತ್ತು ಊರಿನ ಹೆಸರು ಇರುತ್ತದೆ: ಅಮೆರಿಕಾ/ನ್ಯೂಯಾರ್ಕ್, ಯೂರೋಪ್/ಲಂಡನ್, ಏಷ್ಯಾ/ಕೋಲ್ಕತಾ. ಊರಿನ ಹೆಸರಿನ ಒಳಗೆ ಆ ಊರಿನ ಇಡೀ ಕಾಲಚರಿತ್ರೆ ಅಡಗಿದೆ. ಅದರ ಬದಲು "ಯುಟಿಸಿಗಿಂತ ಐದು ಗಂಟೆ ಹಿಂದೆ" ಎಂಬ ಸಂಖ್ಯೆಯನ್ನಷ್ಟೇ ಉಳಿಸಿಕೊಂಡರೆ ಅದು ನ್ಯೂಯಾರ್ಕಿನ ಚಳಿಗಾಲಕ್ಕೆ ಸರಿ, ಬೇಸಿಗೆಗೆ ತಪ್ಪು. ಕೆಲವು ಹೆಸರುಗಳು ಕಾಲೆಳೆಯುತ್ತವೆ ಕೂಡ. ಈಟಿಸಿ/ಜಿಎಂಟಿ ಎಂದು ಶುರುವಾಗುವ ವಲಯಗಳಲ್ಲಿ ಕೂಡು-ಕಳೆ ಚಿಹ್ನೆ ವಾಡಿಕೆಗೆ ವಿರುದ್ಧವಾಗಿದೆ; ಮೈನಸ್ 5 ಎಂದಿದ್ದರೆ ಅದು ಗ್ರೀನಿಚ್‌ಗಿಂತ ಐದು ಗಂಟೆ ಮುಂದಿರುವ ವಲಯ.

ನಿಯಮ ಬದಲಾದಾಗಲೆಲ್ಲ ದತ್ತಸಂಚಯದ ಹೊಸ ಆವೃತ್ತಿ ಹೊರಬರುತ್ತದೆ. ಅದನ್ನು ಹಾಕಿಕೊಳ್ಳದ ಯಂತ್ರ ಕಳೆದ ವರ್ಷದ ಪಂಚಾಂಗ ನೋಡಿ ಈ ವರ್ಷದ ಹಬ್ಬ ಹೇಳಿದ ಹಾಗೆ ನಡೆದುಕೊಳ್ಳುತ್ತದೆ: ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಫಲ ಮಾತ್ರ ತಪ್ಪು.

ಇಲ್ಲದ ಗಂಟೆ, ಎರಡು ಸಲ ಬರುವ ಗಂಟೆ

ಡಿಎಸ್‌ಟಿಯ ತೊಡಕು ಸ್ಪಷ್ಟವಾಗಿ ಕಾಣುವುದು ಬದಲಾವಣೆಯ ಆ ಒಂದು ಗಂಟೆಯಲ್ಲಿ. 2026ರ ಮಾರ್ಚ್ 8ರ ನ್ಯೂಯಾರ್ಕನ್ನು ನೋಡೋಣ. ಯುಟಿಸಿ 6:59:59ಕ್ಕೆ ಅಲ್ಲಿ ನಸುಕಿನ 1:59:59. ಮುಂದಿನ ಸೆಕೆಂಡಿಗೆ ಯುಟಿಸಿ 7:00:00, ನ್ಯೂಯಾರ್ಕಿನಲ್ಲಿ 3:00:00. ಅಂದು 2:30 ಎಂಬ ಸಮಯ ಆ ಊರಿನಲ್ಲಿ ಇಲ್ಲವೇ ಇಲ್ಲ. ಲಿನಕ್ಸ್‌ನಲ್ಲಿ ನ್ಯೂಯಾರ್ಕ್ ವಲಯವನ್ನು ಆರಿಸಿ, ಡೇಟ್ ಆಜ್ಞೆಗೆ ಆ ದಿನದ 2:30ನ್ನು ಕೊಟ್ಟರೆ ಅದು ಅಮಾನ್ಯ ದಿನಾಂಕ ಎಂದು ಹಿಂದಿರುಗಿಸುತ್ತದೆ. ಬೇರೆ ಎಷ್ಟೋ ಪ್ರೋಗ್ರಾಂಗಳು ದೂರದೆ ಅದನ್ನು 1:30 ಅಥವಾ 3:30 ಎಂದು ಮಾಡಿಕೊಂಡು ಮುಂದೆ ಸಾಗುತ್ತವೆ. ಆ ದಿನಕ್ಕೆ 23 ಗಂಟೆ ಮಾತ್ರ.

ಅದೇ ವರ್ಷದ ನವೆಂಬರ್ 1ರಂದು ಯುಟಿಸಿ 5:30ಕ್ಕೆ ನ್ಯೂಯಾರ್ಕಿನಲ್ಲಿ 1:30. ಒಂದು ಗಂಟೆ ಕಳೆದು ಯುಟಿಸಿ 6:30 ಆದಾಗಲೂ ಅಲ್ಲಿ 1:30. ಈ ದಿನಕ್ಕೆ 25 ಗಂಟೆ. ಅಂದು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅವಳಿ ಮಕ್ಕಳಲ್ಲಿ ಮೊದಲನೆಯದು 1:40ಕ್ಕೆ ಹುಟ್ಟಿ, ಎರಡನೆಯದು ಅರ್ಧ ಗಂಟೆ ಬಿಟ್ಟು ಹುಟ್ಟಿದರೆ ಅದರ ಜನನ ಸಮಯ 1:10 ಎಂದು ದಾಖಲಾಗುತ್ತದೆ. ಕಾಗದದ ಮೇಲೆ ಕಿರಿಯ ಮಗು ಹಿರಿಯದಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ಗಂಟೆಗೊಮ್ಮೆ ಔಷಧಿ ಕೊಡುವ ದಾಖಲೆಗೂ ಇದೇ ಅಪಾಯ: 1 ಗಂಟೆಯ ಎರಡು ನಮೂದುಗಳಲ್ಲಿ ಒಂದು ಇನ್ನೊಂದನ್ನು ಅಳಿಸಿಬಿಡಬಹುದು. ಸಮಯದ ಜೊತೆಗೆ ಯುಟಿಸಿಯಿಂದ ಇರುವ ಅಂತರವನ್ನೂ ಬರೆದಿಟ್ಟರೆ ಈ ಗೊಂದಲ ಹುಟ್ಟುವುದಿಲ್ಲ.

ಬದಲಾವಣೆ ಎಲ್ಲೆಡೆ ನಸುಕಿನಲ್ಲೇ ಆಗುತ್ತದೆ ಎಂದೂ ನಂಬುವಂತಿಲ್ಲ. ಬ್ರೆಜಿಲ್‌ನಲ್ಲಿ 2019ರಲ್ಲಿ ಡಿಎಸ್‌ಟಿ ರದ್ದಾಗುವವರೆಗೆ ಗಡಿಯಾರ ಮಧ್ಯರಾತ್ರಿಗೆ ಮುಂದೆ ಹೋಗುತ್ತಿತ್ತು. ಆ ದಿನಗಳಿಗೆ 00:00 ಎಂಬ ಆರಂಭವೇ ಇರಲಿಲ್ಲ. "ದಿನದ ಮೊದಲ ಕ್ಷಣ" ಎಂದು ಮಧ್ಯರಾತ್ರಿಯನ್ನು ಹಿಡಿದ ತಂತ್ರಾಂಶಗಳು ಹಿಂದಿನ ದಿನಕ್ಕೆ ಜಾರಿದವು ಅಥವಾ ದೋಷ ತೋರಿಸಿ ನಿಂತವು.

ನಿಯಮಗಳ ಬದಲಾವಣೆ: ಕೆಲವು ಪ್ರಕರಣಗಳು

ಅಮೆರಿಕದ 2005ರ ಇಂಧನ ನೀತಿ ಕಾಯಿದೆ ಡಿಎಸ್‌ಟಿಯ ಅವಧಿಯನ್ನು 2007ರಿಂದ ಸುಮಾರು ನಾಲ್ಕು ವಾರ ಹಿಗ್ಗಿಸಿತು. ಅದಕ್ಕೂ ಮುಂಚೆ ಆ ಅವಧಿ ಏಪ್ರಿಲ್ ಮೊದಲ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇತ್ತು. ಸರ್ವರ್, ಫೋನ್, ಕ್ಯಾಲೆಂಡರ್, ಜಾವಾ ಪರಿಸರ ಎಲ್ಲಕ್ಕೂ ತಿದ್ದುಪಡಿ ಬೇಕಾಯಿತು. ಈಗಾಗಲೇ ನಿಗದಿಯಾಗಿದ್ದ ಸಭೆಗಳನ್ನು ಸರಿಸಲು ಮೈಕ್ರೋಸಾಫ್ಟ್ ಪ್ರತ್ಯೇಕ ಸಾಧನವನ್ನೇ ಕೊಡಬೇಕಾಯಿತು. ಹಳೆಯ ನಿಯಮವನ್ನು ಚಿಪ್ಪಿನಲ್ಲೇ ಅಚ್ಚೊತ್ತಿಕೊಂಡ ಗಡಿಯಾರ, ರೆಕಾರ್ಡರ್‌ಗಳು ಅಂದಿನಿಂದ ಪ್ರತಿ ವರ್ಷ ಆ ಕೆಲವು ವಾರ ತಪ್ಪು ತೋರಿಸುತ್ತವೆ.

ಕಾನೂನು ಒಂದೂವರೆ ವರ್ಷ ಮುಂಚೆ ತಿಳಿದಿದ್ದೂ ಇಷ್ಟು ಪಾಡಾಯಿತು. ಮೊರೊಕ್ಕೊ 2018ರಲ್ಲಿ ವರ್ಷವಿಡೀ ಬೇಸಿಗೆ ಸಮಯವನ್ನೇ ಉಳಿಸಿಕೊಳ್ಳುವ ತೀರ್ಮಾನವನ್ನು ಗಡಿಯಾರ ಹಿಂದೆ ಬರಬೇಕಿದ್ದ ದಿನಕ್ಕೆ ಕೇವಲ ಎರಡು ದಿನ ಮುಂಚೆ ಪ್ರಕಟಿಸಿತು. ಈಗ ಅಲ್ಲಿ ರಂಜಾನ್ ತಿಂಗಳಲ್ಲಿ ಮಾತ್ರ ಗಡಿಯಾರ ಒಂದು ಗಂಟೆ ಹಿಂದೆ ಬರುತ್ತದೆ. ಈಜಿಪ್ಟ್ 2016ರಲ್ಲಿ ಜಾರಿಯಾಗಬೇಕಿದ್ದ ಡಿಎಸ್‌ಟಿಯನ್ನು ಕೊನೆ ಗಳಿಗೆಯಲ್ಲಿ ಕೈಬಿಟ್ಟಿತು, 2023ರಲ್ಲಿ ಮತ್ತೆ ತಂದಿತು.

ಲೆಬನಾನ್‌ನಲ್ಲಿ 2023ರ ಮಾರ್ಚ್‌ನಲ್ಲಿ ಆದದ್ದು ಇವೆಲ್ಲಕ್ಕಿಂತ ವಿಚಿತ್ರ. ಮಾರ್ಚ್ 26ಕ್ಕೆ ಆಗಬೇಕಿದ್ದ ಬದಲಾವಣೆಯನ್ನು ಸರ್ಕಾರ ಕೆಲವೇ ದಿನ ಮುಂಚೆ ಏಪ್ರಿಲ್‌ಗೆ ಮುಂದೂಡಿತು. ಚರ್ಚು ಮತ್ತು ಹಲವು ಸಂಸ್ಥೆಗಳು ಅದನ್ನು ಒಪ್ಪದೆ ಹಳೆಯ ವೇಳಾಪಟ್ಟಿಯಂತೆ ಗಡಿಯಾರ ಮುಂದೆ ಹಾಕಿಕೊಂಡವು. ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯಗಳು ನಡೆದವು; ಕೊನೆಗೆ ಸರ್ಕಾರ ನಿರ್ಧಾರವನ್ನು ಹಿಂತೆಗೆದುಕೊಂಡು, ಮಾರ್ಚ್ 29ರ ರಾತ್ರಿ ಗಡಿಯಾರ ಮುಂದೆ ಹೋಯಿತು. ಇಂಥ ಸಂದರ್ಭದಲ್ಲಿ ಯಾವ ತಂತ್ರಾಂಶವೂ ಎಲ್ಲರಿಗೂ ಸರಿಯಾದ ಉತ್ತರ ಕೊಡಲಾರದು.

ನಿಯಮ ಸರಿಯಿದ್ದೂ ಪ್ರೋಗ್ರಾಂ ತಪ್ಪಿದ ಉದಾಹರಣೆ 2010ರದು. ಆ ವರ್ಷ ಯೂರೋಪಿನಲ್ಲಿ ಗಡಿಯಾರ ಹಿಂದೆ ಬಂದಾಗ ಐಫೋನಿನ ಮೇಲ್ಗಡೆ ತೋರುವ ಸಮಯ ಸರಿಯಾಗಿ ಬದಲಾಯಿತು, ಆದರೆ ದಿನವೂ ಮೊಳಗುವಂತೆ ಇಟ್ಟ ಅಲಾರಂಗಳು ಒಂದು ಗಂಟೆ ತಡವಾಗಿ ಮೊಳಗಿದವು.

ದೋಷ ಪತ್ತೆಯ ಕ್ರಮ

ವ್ಯತ್ಯಾಸ ಎಷ್ಟು ಎಂಬುದೇ ಮೊದಲ ಸುಳಿವು. ಕೆಲವು ಸೆಕೆಂಡು ಅಥವಾ ನಿಮಿಷಗಳ ತಪ್ಪಿದ್ದರೆ ಅದು ಡಿಎಸ್‌ಟಿ ದೋಷವಲ್ಲ. ಎನ್‌ಟಿಪಿ ಸಂಪರ್ಕ ಅಥವಾ ಮದರ್‌ಬೋರ್ಡಿನ ಬ್ಯಾಟರಿಯನ್ನು ನೋಡಬೇಕು. ಸರಿಯಾಗಿ ಒಂದು ಗಂಟೆಯಿದ್ದರೆ ನಿಯಮ ಹಳತಾಗಿರಬಹುದು ಅಥವಾ ಡಿಎಸ್‌ಟಿ ಆಯ್ಕೆ ಬಂದ್ ಆಗಿರಬಹುದು. ಗಡಿಯಾರ ಒಂದರ ಬದಲು ಎರಡು ಗಂಟೆ ಸರಿದಿದ್ದರೆ ಎರಡು ಕಡೆ ತಿದ್ದುಪಡಿ ಆಗಿದೆ ಎಂದು ಶಂಕಿಸಬೇಕು. ಭಾರತದಲ್ಲಿ ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಯುಟಿಸಿಯನ್ನು ಸ್ಥಳೀಯ ಸಮಯವೆಂದೋ, ಸ್ಥಳೀಯ ಸಮಯವನ್ನು ಯುಟಿಸಿ ಎಂದೋ ಓದಲಾಗಿದೆ.

ಎರಡನೇ ಸುಳಿವು, ತಪ್ಪು ಯಾವಾಗ ಕಾಣುತ್ತದೆ ಎಂಬುದು. ಅಮೆರಿಕದ ವಲಯದಲ್ಲಿ ಮಾರ್ಚ್ ಮಧ್ಯದಿಂದ ಏಪ್ರಿಲ್ ಆರಂಭದವರೆಗೆ ಹಾಗೂ ಅಕ್ಟೋಬರ್ ಕೊನೆಯಲ್ಲಿ ಮಾತ್ರ ತಪ್ಪಿದ್ದರೆ 2007ಕ್ಕಿಂತ ಹಿಂದಿನ ನಿಯಮ ಇನ್ನೂ ಜೀವಂತವಾಗಿದೆ. ಇಂದಿನ ಸಮಯ ಸರಿಯಿದ್ದು ಹಳೆಯ ದಾಖಲೆಗಳು ಮಾತ್ರ ಒಂದು ಗಂಟೆ ಸರಿದಿದ್ದರೆ ಇಂದಿನ ನಿಯಮವನ್ನು ಹಿಂದಿನ ವರ್ಷಗಳಿಗೂ ಅನ್ವಯಿಸಲಾಗಿದೆ. ಬೇಸಿಗೆಯಿಡೀ ತಪ್ಪಿದ್ದರೆ ಊರಿನ ಹೆಸರಿನ ಬದಲು ಸ್ಥಿರ ಅಂತರವನ್ನು ಬಳಸಲಾಗಿದೆ.

ಮೂರನೆಯದು, ತಪ್ಪು ಎಲ್ಲಿ ಕಾಣುತ್ತದೆ ಎಂಬುದು. ಅನುಭವಿಗಳು ಮೊದಲು ಸರ್ವರಿನ ಯುಟಿಸಿಯನ್ನು ನಂಬಿಕೆಯ ಮೂಲವೊಂದರ ಜೊತೆ ಹೋಲಿಸುತ್ತಾರೆ. ಅದು ಸರಿಯಿದ್ದರೆ ಕ್ಷಣದ ಪದರ ನಿರ್ದೋಷಿ, ಅದನ್ನು ಮುಟ್ಟಬಾರದು. ನಂತರ ಅದೇ ದಾಖಲೆಯನ್ನು ಡೇಟಾಬೇಸ್, ಪ್ರೋಗ್ರಾಂ, ಬ್ರೌಸರ್ ಹೀಗೆ ಒಂದೊಂದು ಮೆಟ್ಟಿಲಿನಲ್ಲೂ ಓದಿ, ಯಾವ ಮೆಟ್ಟಿಲಿನಲ್ಲಿ ಸಂಖ್ಯೆ ಬದಲಾಯಿತು ಎಂದು ಹಿಡಿಯುತ್ತಾರೆ.

ಹೀಗೆ ಹುಡುಕುವಾಗ ಒಂದೇ ಸರ್ವರಿನಲ್ಲಿ ನಿಯಮದ ಪ್ರತಿಗಳು ಹಲವಿರುತ್ತವೆ ಎಂಬುದನ್ನು ನೆನಪಿಡಬೇಕು. ಕಾರ್ಯಾಚರಣಾ ವ್ಯವಸ್ಥೆಯದು ಒಂದು, ಜಾವಾದ್ದು ಇನ್ನೊಂದು, ನೋಡ್ ಎಂಬ ಜಾವಾಸ್ಕ್ರಿಪ್ಟ್ ಪರಿಸರದೊಳಗಿನ ಐಸಿಯು ಗ್ರಂಥಾಲಯದ್ದು ಮತ್ತೊಂದು, ಮೈಎಸ್‌ಕ್ಯೂಎಲ್ ಅಥವಾ ಒರಾಕಲ್ ಡೇಟಾಬೇಸಿನದು ಬೇರೆಯೇ. ಒಂದನ್ನು ನವೀಕರಿಸಿ ಉಳಿದವನ್ನು ಮರೆತರೆ ಒಂದೇ ಯಂತ್ರದ ಎರಡು ತಂತ್ರಾಂಶಗಳು ಎರಡು ಸಮಯ ಹೇಳುತ್ತವೆ.

ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ

ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆ ಸ್ಥಳೀಯ ಸಮಯ, ಯುಟಿಸಿ, ಯಂತ್ರದ ಗಡಿಯಾರ, ವಲಯದ ಹೆಸರು ನಾಲ್ಕನ್ನೂ ಒಟ್ಟಿಗೆ ತೋರಿಸುತ್ತದೆ. ಜೆಡ್‌ಡಂಪ್ ಆಜ್ಞೆ ಒಂದು ವಲಯದ ಎಲ್ಲ ಬದಲಾವಣೆಯ ಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಈ ವರ್ಷದ ಬದಲಾವಣೆ ಸರಿಯಾದ ದಿನಾಂಕದಲ್ಲಿ ಇದೆಯೇ ಎಂದು ನೋಡಿದರೆ ನಿಯಮ ತಾಜಾ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ನಿಯಮಗಳಿರುವ ಟಿಜೆಡ್‌ಡೇಟಾ ಪ್ಯಾಕೇಜ್ ನವೀಕರಿಸಿದ ಮೇಲೆ ಬಹುಕಾಲದಿಂದ ಓಡುತ್ತಿರುವ ಸೇವೆಗಳನ್ನು ಮರುಚಾಲನೆ ಮಾಡಬೇಕು, ಏಕೆಂದರೆ ಅವು ಶುರುವಾದಾಗ ಓದಿಕೊಂಡ ನಿಯಮವನ್ನೇ ಹಿಡಿದುಕೊಂಡಿರಬಹುದು. ವಲಯದ ಹೆಸರಿನಲ್ಲಿ ಕಾಗುಣಿತ ತಪ್ಪಿದರೆ ಲಿನಕ್ಸ್ ಹಲವು ಸಲ ದೂರದೆ, ಸದ್ದಿಲ್ಲದೆ ಯುಟಿಸಿಗೆ ಹೊರಳುತ್ತದೆ. ಟಿಜೆಡ್‌ಡೇಟಾ ಇಲ್ಲದ ಚಿಕ್ಕ ಕಂಟೇನರ್‌ಗಳಲ್ಲೂ ಹೀಗೆಯೇ ಆಗುತ್ತದೆ.

ವಿಂಡೋಸ್‌ನಲ್ಲಿ ಟಿಜೆಡ್‌ಯುಟಿಲ್ ಆಜ್ಞೆಯಿಂದ ಈಗಿನ ವಲಯವನ್ನು ತಿಳಿಯಬಹುದು. ಹೆಸರಿನ ಕೊನೆಯಲ್ಲಿ ಡಿಎಸ್‌ಟಿ-ಆಫ್ ಎಂಬ ಬಾಲವಿದ್ದರೆ ಯಾರೋ ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಿದ್ದಾರೆ ಎಂದರ್ಥ. ವಿಸ್ಟಾಕ್ಕಿಂತ ಹಿಂದಿನ ವಿಂಡೋಸ್‌ಗಳು ಒಂದು ವಲಯಕ್ಕೆ ಒಂದೇ ನಿಯಮವನ್ನು ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ 2007ರ ತಿದ್ದುಪಡಿ ಹಾಕಿದ ಮೇಲೆ 2006ರ ಮಾರ್ಚ್ ಕೊನೆಯ ದಾಖಲೆಗಳು ಒಂದು ಗಂಟೆ ತಪ್ಪಾಗಿ ಕಾಣತೊಡಗಿದವು. ವಿಸ್ಟಾದಿಂದ ಮುಂದೆ ವರ್ಷಕ್ಕೊಂದು ನಿಯಮ ಇಡುವ ಅವಕಾಶ ಬಂತು.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಕೊಂಡವರಿಗೆ ಬೇರೆ ತಲೆನೋವು. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಎಂದು ಓದುತ್ತದೆ. ಭಾರತದಲ್ಲಿ ಇದರಿಂದ ಐದೂವರೆ ಗಂಟೆಯ ತಪ್ಪು; ಡಿಎಸ್‌ಟಿ ಇರುವ ದೇಶಗಳಲ್ಲಿ ಇದರ ಮೇಲೆ ಋತುವಿನ ಒಂದು ಗಂಟೆಯೂ ಸೇರಿಕೊಳ್ಳುತ್ತದೆ. ವಿಂಡೋಸ್ ರಿಜಿಸ್ಟ್ರಿಯಲ್ಲಿ ಯಂತ್ರದ ಗಡಿಯಾರ ಯುಟಿಸಿ ಎಂದು ಸೂಚಿಸುವುದು ಶಾಶ್ವತ ಪರಿಹಾರ.

ಪೆನ್‌ಡ್ರೈವ್‌ಗಳಲ್ಲಿ ಬಳಕೆಯಾಗುವ ಫ್ಯಾಟ್ ಕಡತ ವ್ಯವಸ್ಥೆ ಸ್ಥಳೀಯ ಸಮಯವನ್ನು ಬರೆಯುತ್ತದೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಯುಟಿಸಿಯನ್ನು ಬರೆಯುತ್ತದೆ. ಋತು ಬದಲಾದ ಮರುದಿನ ಎರಡನ್ನೂ ಹೋಲಿಸುವ ಬ್ಯಾಕಪ್ ತಂತ್ರಾಂಶಕ್ಕೆ ಎಲ್ಲ ಕಡತಗಳೂ ಬದಲಾದಂತೆ ಕಾಣುತ್ತವೆ. ವಿಂಡೋಸ್‌ನ ರೋಬೋಕಾಪಿಯಲ್ಲಿ ಈ ಒಂದು ಗಂಟೆಯನ್ನು ಕಡೆಗಣಿಸಲೆಂದೇ ಒಂದು ಆಯ್ಕೆ ಇದೆ.

ಡೇಟಾಬೇಸ್, ಪ್ರೋಗ್ರಾಂ, ನಿಗದಿತ ಕೆಲಸ

ಆಗಿಹೋದ ಘಟನೆಯ ಸಮಯವನ್ನು ಯುಟಿಸಿಯಲ್ಲಿ ಇಡಬೇಕು. ಹಣದ ವರ್ಗಾವಣೆ, ಲಾಗಿನ್, ಸೆನ್ಸರ್ ಓದು ಎಲ್ಲಕ್ಕೂ ಇದು ಸರಿ. ಆದರೆ ಮುಂದಿನ ವರ್ಷದ ಸಭೆ, ವೈದ್ಯರ ಭೇಟಿ, ಅಂಗಡಿ ತೆರೆಯುವ ವೇಳೆ ಇವು ಊರಿನ ಗಡಿಯಾರಕ್ಕೆ ಕಟ್ಟುಬಿದ್ದವು. ಇವನ್ನು ಈಗಲೇ ಯುಟಿಸಿಗೆ ಪರಿವರ್ತಿಸಿ ಇಟ್ಟರೆ, ನಡುವೆ ಆ ದೇಶದ ಕಾನೂನು ಬದಲಾದಾಗ ತಪ್ಪಾಗುತ್ತದೆ. ಸ್ಥಳೀಯ ಸಮಯ ಮತ್ತು ವಲಯದ ಪೂರ್ಣ ಹೆಸರು ಎರಡನ್ನೂ ಇಟ್ಟುಕೊಂಡು, ಹೊತ್ತು ಹತ್ತಿರ ಬಂದಾಗ ಲೆಕ್ಕ ಹಾಕುವುದು ಸುರಕ್ಷಿತ. "ಎಲ್ಲವನ್ನೂ ಯುಟಿಸಿಯಲ್ಲಿಡಿ" ಎಂಬ ಜನಪ್ರಿಯ ಸೂತ್ರ ಅರ್ಧ ಮಾತ್ರ ಸರಿ.

ಪೈಥಾನ್ 3.6ರಲ್ಲಿ ಎರಡು ಸಲ ಬರುವ ಗಂಟೆಯ ಮೊದಲನೆಯದನ್ನೂ ಎರಡನೆಯದನ್ನೂ ಬೇರ್ಪಡಿಸುವ ಫೋಲ್ಡ್ ಎಂಬ ಗುರುತು ಬಂತು, 3.9ರಲ್ಲಿ ಜೋನ್‌ಇನ್ಫೋ ಎಂಬ ಕಾಲವಲಯ ಗ್ರಂಥಾಲಯ ಸೇರಿತು. ಅದಕ್ಕೂ ಹಿಂದಿನ ಪೈಟಿಜೆಡ್ ಗ್ರಂಥಾಲಯವನ್ನು ತಪ್ಪು ರೀತಿಯಲ್ಲಿ ಬಳಸಿದರೆ ಏಷ್ಯಾ/ಕೋಲ್ಕತಾ ವಲಯಕ್ಕೆ 5:30ರ ಬದಲು 5:53 ಅಂತರ ಬರುತ್ತದೆ. ಅದು ಕಲ್ಕತ್ತೆಯ ಹಳೆಯ ಸ್ಥಳೀಯ ಕಾಲ. ಭಾರತೀಯ ದತ್ತಾಂಶದಲ್ಲಿ 23 ನಿಮಿಷಗಳ ವ್ಯತ್ಯಾಸ ಕಂಡರೆ ಕಾರಣ ಇದೇ ಇರಬಹುದು.

ಮೂರಕ್ಷರದ ಸಂಕ್ಷೇಪಗಳನ್ನು ನಂಬುವುದು ಇನ್ನೊಂದು ಬಲೆ. ಐಎಸ್‌ಟಿ ಎಂದರೆ ನಮಗೆ ಭಾರತೀಯ ಕಾಲ, ಐರ್ಲೆಂಡಿಗೆ ಅವರ ಬೇಸಿಗೆ ಸಮಯ, ಇಸ್ರೇಲಿಗೆ ಅವರದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೂಲ ಸಂಕ್ಷೇಪ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್ ಕಾಲ. ಭಾರತದ ಅರ್ಥ ಬೇಕಿದ್ದರೆ ಸಂಕ್ಷೇಪಗಳ ಪಟ್ಟಿಯನ್ನು ಭಾರತಕ್ಕೆ ಬದಲಿಸಬೇಕು, ಇಲ್ಲವೇ ಸಂಕ್ಷೇಪವನ್ನೇ ಬಿಟ್ಟು ಊರಿನ ಹೆಸರು ಬರೆಯಬೇಕು. ಎರಡನೆಯದೇ ಮೇಲು.

ನಿಗದಿತ ಕೆಲಸಗಳನ್ನು ನಡೆಸುವ ಕ್ರಾನ್‌ನಲ್ಲಿ ನ್ಯೂಯಾರ್ಕ್ ಸಮಯ 2:30ಕ್ಕೆ ಬ್ಯಾಕಪ್ ಇಟ್ಟರೆ ಮಾರ್ಚಿನ ಆ ಭಾನುವಾರ ಅದಕ್ಕೆ ಜಾಗವೇ ಇಲ್ಲ. 1:30ಕ್ಕೆ ಇಟ್ಟರೆ ನವೆಂಬರಿನಲ್ಲಿ ಎರಡು ಜಾಗ. ಡೆಬಿಯನ್ ಲಿನಕ್ಸ್‌ನ ಕ್ರಾನ್ ಬಿಟ್ಟುಹೋದ ಕೆಲಸವನ್ನು ಕೂಡಲೇ ನಡೆಸಿ, ಮರುಕಳಿಸಿದ್ದನ್ನು ತಡೆಯುವ ಜಾಣ್ಮೆ ತೋರುತ್ತದೆ, ಆದರೆ ಎಲ್ಲ ವೇಳಾಪಟ್ಟಿ ತಂತ್ರಾಂಶಗಳೂ ಹಾಗಿಲ್ಲ. ಇಂಥ ಕೆಲಸಗಳನ್ನು ಯುಟಿಸಿಯಲ್ಲಿ ನಿಗದಿಪಡಿಸುವುದು, ಸ್ಥಳೀಯ ಸಮಯವೇ ಬೇಕಿದ್ದರೆ ನಸುಕಿನ 1ರಿಂದ 3ರ ನಡುವಿನ ಹೊತ್ತನ್ನು ತಪ್ಪಿಸುವುದು, ಅಕಸ್ಮಾತ್ ಎರಡು ಸಲ ನಡೆದರೂ ಹಾನಿಯಾಗದಂತೆ ಕೆಲಸವನ್ನು ರೂಪಿಸುವುದು ಒಳ್ಳೆಯ ರೂಢಿಗಳು.

ಕೆಟ್ಟ ದತ್ತಾಂಶದ ದುರಸ್ತಿ

ನಿಯಮ ಸರಿಪಡಿಸಿದ ಮಾತ್ರಕ್ಕೆ ತಪ್ಪಾಗಿ ಬರೆದ ದಾಖಲೆಗಳು ಸರಿಯಾಗುವುದಿಲ್ಲ. ಎಲ್ಲ ಸಾಲುಗಳಿಗೂ ಒಂದು ಗಂಟೆ ಕೂಡಿಸುವ ಆತುರ ಹಲವು ಸಲ ಸರಿಯಿದ್ದವನ್ನೂ ಕೆಡಿಸುತ್ತದೆ. ಮೂಲ ಮೌಲ್ಯವನ್ನು ಬೇರೆ ಕಾಲಂನಲ್ಲಿ ಉಳಿಸಿ, ದೋಷ ಶುರುವಾದ ಮತ್ತು ಮುಗಿದ ಕ್ಷಣಗಳನ್ನು ಯುಟಿಸಿಯಲ್ಲಿ ಗುರುತಿಸಿ, ಆ ವ್ಯಾಪ್ತಿಗೆ ಮಾತ್ರ ತಿದ್ದುಪಡಿ ಮಾಡಬೇಕು. ಎರಡು ಸಲ ಬಂದ ಗಂಟೆಯ ದಾಖಲೆಗಳಲ್ಲಿ ಅಂತರ ಬರೆದಿಲ್ಲದಿದ್ದರೆ ಸಮಯ ನೋಡಿ ಕ್ರಮ ಹೇಳಲಾಗದು. ಆಗ ಏರುತ್ತಾ ಹೋಗುವ ಕ್ರಮಸಂಖ್ಯೆ ಅಥವಾ ಯುಟಿಸಿ ಬರೆಯುವ ಇನ್ನೊಂದು ವ್ಯವಸ್ಥೆಯ ಲಾಗ್ ನೆರವಿಗೆ ಬರುತ್ತದೆ. ಯಾವುದೂ ಇಲ್ಲದಿದ್ದರೆ ಆ ಮಾಹಿತಿ ಕಳೆದುಹೋಯಿತೆಂದೇ ಒಪ್ಪಿ, ದಾಖಲೆಗೆ ಅನುಮಾನದ ಗುರುತು ಹಾಕುವುದು ಪ್ರಾಮಾಣಿಕ ದಾರಿ. ರಾತ್ರಿ ಪಾಳಿಯವರ ವೇತನದ ಲೆಕ್ಕದಲ್ಲಿ ಇದು ಬಹಳ ಮುಖ್ಯ: ನವೆಂಬರಿನ ಆ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ದುಡಿದವರು ಒಂಬತ್ತು ಗಂಟೆ ದುಡಿದಿರುತ್ತಾರೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಈಗ ಡಿಎಸ್‌ಟಿ ಇಲ್ಲ. ಇಡೀ ದೇಶಕ್ಕೆ ಯುಟಿಸಿಗಿಂತ ಐದೂವರೆ ಗಂಟೆ ಮುಂದಿನ ಒಂದೇ ಕಾಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕಿ ಆರೂವರೆ ಗಂಟೆ ಮಾಡಲಾಗಿತ್ತು. 1945ರ ಅಕ್ಟೋಬರಿನಲ್ಲಿ ಅದು ಕೊನೆಗೊಂಡಿತು. ಆ ವರ್ಷಗಳ ಜನನ ಸಮಯವನ್ನು ತಂತ್ರಾಂಶಕ್ಕೆ ಕೊಟ್ಟು ಜಾತಕ ಬರೆಸುವವರು ಈ ಒಂದು ಗಂಟೆಯನ್ನು ಗಮನಿಸಬೇಕು.

ಹಾಗೆಂದು ಡಿಎಸ್‌ಟಿ ದೋಷ ನಮ್ಮದಲ್ಲ ಎನ್ನಲಾಗದು. ಬೆಂಗಳೂರಿನಲ್ಲಿ ಬರೆದ, ಬೆಂಗಳೂರಿನಿಂದಲೇ ನೋಡಿಕೊಳ್ಳುವ ಎಷ್ಟೋ ತಂತ್ರಾಂಶಗಳು ಡಿಎಸ್‌ಟಿ ಇರುವ ದೇಶಗಳಲ್ಲಿ ಓಡುತ್ತವೆ. ಇಲ್ಲಿನ ಯಂತ್ರಗಳ ವಲಯದಲ್ಲಿ ಬದಲಾವಣೆಯೇ ಇಲ್ಲದ್ದರಿಂದ ದೋಷ ಇಲ್ಲಿ ಮರುಕಳಿಸುವುದಿಲ್ಲ. "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ" ಎಂಬ ಉತ್ತರ ಸಹಜವಾಗಿ ಬರುತ್ತದೆ. ಪರೀಕ್ಷೆ ಓಡಿಸುವಾಗ ಪ್ರೋಗ್ರಾಂಗೆ ನ್ಯೂಯಾರ್ಕ್, ಲಂಡನ್, ಲಾರ್ಡ್ ಹೋವ್ ವಲಯಗಳನ್ನು ಕೊಟ್ಟು, ಗಡಿಯಾರವನ್ನು ಬದಲಾವಣೆಯ ಕ್ಷಣದ ಸುತ್ತ ನಿಲ್ಲಿಸಿ ನೋಡುವುದು ಇಲ್ಲಿನ ತಂಡಗಳಿಗೆ ಅನಿವಾರ್ಯ. ನ್ಯೂಯಾರ್ಕಿನ ಮಾರ್ಚ್ ಬದಲಾವಣೆ ನಡೆಯುವಾಗ ಇಲ್ಲಿ ಭಾನುವಾರ ಮಧ್ಯಾಹ್ನ 12:30, ನವೆಂಬರಿನದಕ್ಕೆ ಬೆಳಗ್ಗೆ 11:30, ಯೂರೋಪಿನ ಎರಡಕ್ಕೂ ಬೆಳಗ್ಗೆ 6:30. ವ್ಯವಸ್ಥೆಗಳ ಮೇಲೆ ಕಣ್ಣಿಡುವವರಿಗೆ ಈ ಹೊತ್ತುಗಳು ಗೊತ್ತಿರಬೇಕು.

ಸಭೆಗಳ ವಿಷಯದಲ್ಲಿ ದೋಷಕ್ಕೂ ಸರಿಯಾದ ನಡವಳಿಕೆಗೂ ವ್ಯತ್ಯಾಸ ತಿಳಿಯಬೇಕು. ನ್ಯೂಯಾರ್ಕಿನವರು ಕರೆದ ಬೆಳಗ್ಗೆ 9ರ ಸಭೆ ಚಳಿಗಾಲದಲ್ಲಿ ನಮಗೆ ಸಂಜೆ 7:30, ಬೇಸಿಗೆಯಲ್ಲಿ 6:30. ಸಭೆ ಕರೆದವರ ವಲಯವೇ ಪ್ರಮಾಣವಾದ್ದರಿಂದ ಈ ಸರಿತ ದೋಷವಲ್ಲ. ಲಂಡನ್ ತಂಡವೂ ಸೇರಿದ್ದರೆ 2026ರ ಮಾರ್ಚ್ 8ರಿಂದ 29ರವರೆಗೆ ಮತ್ತು ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಅವರಿಗೂ ನ್ಯೂಯಾರ್ಕಿಗೂ ಐದರ ಬದಲು ನಾಲ್ಕೇ ಗಂಟೆಯ ಅಂತರ. ಗೊಂದಲದ ದೂರುಗಳು ಹೆಚ್ಚಾಗಿ ಬರುವುದು ಈ ವಾರಗಳಲ್ಲೇ.

ಹೊರನಾಡ ಕನ್ನಡಿಗರಿಗೂ ಇದು ಮುಟ್ಟುತ್ತದೆ. 2026ರ ಕನ್ನಡ ರಾಜ್ಯೋತ್ಸವದ ದಿನ, ನವೆಂಬರ್ 1, ಅಮೆರಿಕದಲ್ಲಿ ಗಡಿಯಾರ ಹಿಂದೆ ಬರುವ ಭಾನುವಾರವೂ ಹೌದು. ಅಂದು ಸಂಜೆ 6:30ಕ್ಕೆ ಬೆಂಗಳೂರಿನಿಂದ ಪ್ರಸಾರವಾಗುವ ಕಾರ್ಯಕ್ರಮ ನ್ಯೂಯಾರ್ಕಿನಲ್ಲಿ ಬೆಳಗ್ಗೆ 8ಕ್ಕೆ. ಅಕ್ಟೋಬರಿನ ಒಂಬತ್ತೂವರೆ ಗಂಟೆಯ ಅಂತರ ಹಿಡಿದು ಆಮಂತ್ರಣದಲ್ಲಿ 9 ಎಂದು ಅಚ್ಚು ಹಾಕಿಸಿದರೆ ನೋಡುಗರು ಒಂದು ಗಂಟೆಯ ಕಾರ್ಯಕ್ರಮ ಕಳೆದುಕೊಳ್ಳುತ್ತಾರೆ.

ಮುಂದಿನ ಸ್ಥಿತಿ

ಡಿಎಸ್‌ಟಿ ಬೇಡವೆಂಬ ಕೂಗು ಹಲವೆಡೆ ಇದೆ. ಯೂರೋಪಿಯನ್ ಪಾರ್ಲಿಮೆಂಟ್ 2019ರಲ್ಲಿ ಅದನ್ನು ಕೊನೆಗಾಣಿಸುವ ಪರ ಮತ ಹಾಕಿತು, ಸದಸ್ಯ ದೇಶಗಳ ಒಮ್ಮತ ಮೂಡದೆ ಅದು ಜಾರಿಯಾಗಲಿಲ್ಲ. ಅಮೆರಿಕದ ಸೆನೆಟ್ 2022ರಲ್ಲಿ ವರ್ಷವಿಡೀ ಬೇಸಿಗೆ ಸಮಯ ಉಳಿಸುವ ಮಸೂದೆಯನ್ನು ಅಂಗೀಕರಿಸಿತು, ಕೆಳಮನೆಯಲ್ಲಿ ಅದು ಮುಂದುವರಿಯಲಿಲ್ಲ. ಜೋರ್ಡಾನ್ ಮತ್ತು ಸಿರಿಯಾ 2022ರಲ್ಲಿ ಬದಲಾವಣೆಯನ್ನೇ ನಿಲ್ಲಿಸಿದವು. ಅದೇ ವರ್ಷ ಮೆಕ್ಸಿಕೊ ಗಡಿ ಪ್ರದೇಶಗಳನ್ನು ಬಿಟ್ಟು ಉಳಿದೆಡೆ ರದ್ದು ಮಾಡಿತು.

ಪದ್ಧತಿ ರದ್ದಾದರೆ ತಂತ್ರಜ್ಞರ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ರದ್ದತಿಯೂ ಒಂದು ನಿಯಮ ಬದಲಾವಣೆಯೇ, ಅದು ತಲುಪದ ಯಂತ್ರ ಮುಂದಿನ ಮಾರ್ಚಿನಲ್ಲಿ ತಾನೇ ತಾನಾಗಿ ಒಂದು ಗಂಟೆ ಮುಂದೆ ಹೋಗುತ್ತದೆ. ಕಳೆದ ನೂರು ವರ್ಷಗಳ ದಾಖಲೆಗಳನ್ನು ಸರಿಯಾಗಿ ಓದಲು ಹಳೆಯ ನಿಯಮಗಳೆಲ್ಲವೂ ಮುಂದೆಯೂ ಬೇಕು. ಆದ್ದರಿಂದ ವ್ಯವಸ್ಥೆ ಕಟ್ಟುವವರು ಮಾಡಬೇಕಾದ್ದು ಇಷ್ಟು: ಆದದ್ದನ್ನು ಯುಟಿಸಿಯಲ್ಲಿ, ಆಗಬೇಕಾದ್ದನ್ನು ಸ್ಥಳೀಯ ಸಮಯ ಮತ್ತು ಊರಿನ ಹೆಸರಿನಲ್ಲಿ ಬರೆಯುವುದು, ಕಾಲವಲಯ ದತ್ತಸಂಚಯದ ನವೀಕರಣವನ್ನು ಭದ್ರತಾ ತಿದ್ದುಪಡಿಯಷ್ಟೇ ತುರ್ತೆಂದು ಭಾವಿಸುವುದು, ತಪ್ಪು ಕಂಡಾಗ ಗಡಿಯಾರಕ್ಕೆ ಕೈಹಾಕುವ ಮುನ್ನ ಅದು ಯಾವ ಪದರದ್ದು ಎಂದು ಕೇಳುವುದು.